ಮುಸ್ಸನಾದ ಗಾಳಿಯಲ್ಲಿ

ಮುಸ್ಸನಾ ಎಂಬುದು ಮಸ್ಕತ್ತಿನ ವಾಯವ್ಯಕ್ಕಿರುವ ಕರಾವಳಿ ಊರು. ಎದುರಿಗೆ ಒಮಾನ್ ಕೊಲ್ಲಿ. 2021ರ ಏಪ್ರಿಲ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಏಷ್ಯಾದ ಹಾಯಿದೋಣಿಗಾರರ ಅರ್ಹತಾ ಸ್ಪರ್ಧೆ ನಡೆದದ್ದು ಈ ನೀರಿನಲ್ಲೇ.

ಮಹಿಳೆಯರ ಲೇಸರ್ ರೇಡಿಯಲ್ ಒಬ್ಬರೇ ನಡೆಸುವ ದೋಣಿ. ನಾಲ್ಕು ಮೀಟರಿಗೆ ತುಸು ಹೆಚ್ಚು ಉದ್ದ, ಒಂದೇ ಹಾಯಿ. ಗಾಳಿಗೆ ಎದುರಾಗಿ ನೇರ ಹೋಗುವಂತಿಲ್ಲ, ಅಂಕುಡೊಂಕಾಗಿ ಸಾಗಬೇಕು. ದೋಣಿ ವಾಲಿದಾಗ ಪಾದಗಳನ್ನು ಪಟ್ಟಿಗೆ ಸಿಕ್ಕಿಸಿ ಮೈಯನ್ನೆಲ್ಲ ಹೊರಚಾಚಬೇಕು. ತೊಡೆ ಉರಿಯುತ್ತಿರುತ್ತದೆ. ಆದರೂ ಕಣ್ಣು, ನೀರು ಎಲ್ಲಿ ಕಪ್ಪಾಗಿ ಸುಕ್ಕುಗಟ್ಟುತ್ತಿದೆ ಎಂದು ಹುಡುಕುತ್ತಲೇ ಇರಬೇಕು. ಮುಂದಿನ ಗಾಳಿ ಬರುವುದು ಅಲ್ಲಿಂದಲೇ.

ಚೆನ್ನೈನ ನೇತ್ರಾ ಕುಮನನ್ ಈ ವಿದ್ಯೆಗೆ ಕೈಹಚ್ಚಿದ್ದು ಬೇಸಿಗೆ ಶಿಬಿರವೊಂದರಲ್ಲಿ. (ರಜೆಯಲ್ಲೂ ಮಕ್ಕಳನ್ನು ಟ್ಯೂಷನ್ನಿಗೆ ಅಟ್ಟುವ ಅಪ್ಪ ಅಮ್ಮಂದಿರು ಗಮನಿಸಬೇಕು!) ಮುಂದೆ ಸ್ಪೇನಿನ ಗ್ರಾನ್ ಕನೇರಿಯಾ ದ್ವೀಪದಲ್ಲಿ ಅಭ್ಯಾಸ, ಜೊತೆಗೆ ಎಂಜಿನಿಯರಿಂಗ್ ಓದು.

ಮುಸ್ಸನಾದಲ್ಲಿ ಅರ್ಹತೆಯ ಲೆಕ್ಕದಲ್ಲಿ ಅವರ ಬೆನ್ನಿಗಿದ್ದವರೂ ಭಾರತದವರೇ, ರಮ್ಯಾ ಸರವಣನ್. ಒಂದು ವರ್ಗದಲ್ಲಿ ಒಂದು ದೇಶಕ್ಕೆ ಒಂದೇ ದೋಣಿ. ಇಬ್ಬರಿಗೂ ಅದು ಗೊತ್ತಿತ್ತು. ಕೊನೆಯ ಓಟಕ್ಕೆ ಮುನ್ನವೇ 21 ಅಂಕಗಳ ಅಂತರ ಬಿದ್ದಿತ್ತು. ಏಪ್ರಿಲ್ 7ರಂದು ನೇತ್ರಾ ಒಲಿಂಪಿಕ್ಸ್‌ಗೆ ಅರ್ಹರಾದ ಭಾರತದ ಮೊದಲ ಹಾಯಿದೋಣಿಗಾರ್ತಿಯಾದರು. ಜಪಾನಿನ ಎನೋಶಿಮಾದಲ್ಲಿ ಅವರಿಗೆ ಸಿಕ್ಕಿದ್ದು 35ನೆಯ ಸ್ಥಾನ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ಮಾರ್ಸೇಲ್‌ನ ಕಡಲಲ್ಲಿ, 21ನೆಯದು.