ಕದಿರಿಯ ಮರದ ಮೃಗಗಳು

ಫಾಲ್ಗುಣದಲ್ಲಿ ಕದಿರಿ ಲಕ್ಷ್ಮೀನರಸಿಂಹಸ್ವಾಮಿಯ ಬ್ರಹ್ಮೋತ್ಸವಕ್ಕೆ ಹಿಂದೂಪುರ, ಕಲ್ಯಾಣದುರ್ಗಗಳ ಕನ್ನಡ ಮನೆತನಗಳೂ ಹೊರಡುತ್ತವೆ. 2022ರಲ್ಲಿ ಜಿಲ್ಲೆ ಒಡೆದು ಈ ಎರಡು ಊರುಗಳು ಬೇರೆಯಾದರೂ ಜಾತ್ರೆಯ ದಾರಿ ಬದಲಾಗಿಲ್ಲ. ಹಂಸ, ಸಿಂಹ, ಗರುಡ, ಶೇಷ, ಗಜ, ಅಶ್ವ: ಸ್ವಾಮಿಗೆ ಒಂದೊಂದು ಸೇವೆಗೆ ಒಂದೊಂದು ವಾಹನ. ಇಂಥ ವಾಹನಗಳನ್ನು ಮರದಲ್ಲಿ ಕಡೆದು, ಬಣ್ಣವನ್ನೋ ಲೋಹದ ತಗಡನ್ನೋ ಹೊದಿಸುವುದು ದೇವಾಲಯಗಳ ಹಳೆಯ ರೂಢಿ. ವರ್ಷವೆಲ್ಲ ಕತ್ತಲಲ್ಲಿ ನಿಂತ ಸಿಂಹವನ್ನು ಮಕ್ಕಳು ಗಮನಿಸುವುದು ಅಪರೂಪ. ಉತ್ಸವಮೂರ್ತಿಯನ್ನು ಹೊತ್ತು ಬೀದಿಗಿಳಿದಾಗ ಅದಕ್ಕೆ ಜೀವ ಬರುತ್ತದೆ.

ಕೆನಡಾದ ಪಶ್ಚಿಮ ಕರಾವಳಿಯ ಕ್ವಕ್ವಕವಕ್ವ ಜನರ ಮರದ ಪ್ರಾಣಿಮುಖವಾಡಗಳೂ ಹೀಗೆಯೇ ಕುಣಿತದಲ್ಲಿ ಮಾತ್ರ ಜೀವಿಸುವಂಥವು. 1885ರಿಂದ 1951ರವರೆಗೆ ಅಲ್ಲಿನ ಕಾನೂನು ಆ ಉತ್ಸವವನ್ನೇ ನಿಷೇಧಿಸಿತ್ತು. 1921ರ ಉತ್ಸವದ ಬಳಿಕ ವಶಪಡಿಸಿಕೊಂಡ ಮುಖವಾಡಗಳು ದೂರದ ವಸ್ತುಸಂಗ್ರಹಾಲಯಗಳ ಪಾಲಾದವು.

ಕದಿರಿಗೆ ಹೋಗುವವರು ರಥವನ್ನಷ್ಟೇ ಕಂಡು ಮರಳದೆ, ಒಂದೆರಡು ವಾಹನಸೇವೆಗೂ ಮಕ್ಕಳೊಡನೆ ನಿಲ್ಲಬೇಕು.