ಹಗ್ಗದ ಈಚೆ ತುದಿಯವರು

ಮುಂಬೈ ವಿಮಾನ ನಿಲ್ದಾಣದಲ್ಲಿ ನಾಯಿಗಳನ್ನು ಕೆಲಸಕ್ಕೆ ಹಚ್ಚಿದ್ದಾರೆ ಎಂದರೆ ನಮ್ಮ ಸಿಂಧನೂರಿನಲ್ಲಿ ಯಾರೂ ಬೆರಗಾಗುವುದಿಲ್ಲ. ಬಾಂಬು ಮೂಸುವುದಕ್ಕಿರಬೇಕು ಎಂದು ಸುಮ್ಮನಾಗುತ್ತಾರೆ. ಅದಕ್ಕಲ್ಲ, ಪ್ರಯಾಣಿಕರ ದುಗುಡ ಇಳಿಸುವುದಕ್ಕೆ ಎಂದಾಗ ಮಾತ್ರ ಒಗ್ಗರಣಿ ತಟ್ಟೆಯಿಂದ ತಲೆ ಮೇಲೇಳುತ್ತದೆ. 2018ರಲ್ಲಿ ಶುರುವಾದ ಈ ಏರ್ಪಾಡಿನಲ್ಲಿ ಕೈಜೋಡಿಸಿದ್ದು ಆ್ಯನಿಮಲ್ ಏಂಜಲ್ಸ್ ಫೌಂಡೇಶನ್. ಮನಶ್ಶಾಸ್ತ್ರಜ್ಞೆ ಮಿನಲ್ ಕವಿಶ್ವರ್ ಕಟ್ಟಿ ಬೆಳೆಸಿದ ಸಂಸ್ಥೆ ಅದು. ಅವರ ನಾಯಿಗಳು ಆಸ್ಪತ್ರೆಗೂ ಹೋಗುತ್ತವೆ ಎಂದು ನಾನಿನ್ನೂ ಹೇಳುತ್ತಿದ್ದೆ, ಎದುರಿಗೆ ಮಿರ್ಚಿ ಮುರಿಯುತ್ತಿದ್ದ ಕಾಕಾ ಬಾಯಿ ಹಾಕಿದರು: “ಅದ್ರಾಗೇನೈತೋ ತಮ್ಮಾ? ನಮ್ಮ ಕಡೆ ದವಾಖಾನಿ ವರಾಂಡದಾಗ ಮೊದಲಿಂದನೂ ಮಕ್ಕೊಂಡಾವಲ್ಲ! ಡಾಕ್ಟರ್ ಬರೋದು ತಡ ಆದೀತು, ಅವು ಟೈಮಿಗೆ ಸರಿಯಾಗಿ ಇರ್ತಾವ.”

ನಕ್ಕೆವು. ಆದರೆ ವರಾಂಡದ ನಾಯಿ ವಾರ್ಡಿನ ನಾಯಿಯಾಗಬೇಕಾದರೆ ಹಗ್ಗದ ಈಚೆ ತುದಿಯಲ್ಲಿ ಒಬ್ಬರು ಬೇಕು. ಭೇಟಿಗೆ ಮುಂಚೆ ಅದಕ್ಕೆ ಮೈ ತೊಳೆಸಿ, ಉಗುರು ಕತ್ತರಿಸಿ, ಹುಚ್ಚುನಾಯಿ ರೋಗದ ಲಸಿಕೆ, ಜಂತಿನ ಔಷಧಿ ಎಲ್ಲ ಹೊತ್ತಿಗೆ ಸರಿಯಾಗಿ ಹಾಕಿಸಿರಬೇಕು. ಸ್ಟೀಲ್ ತಟ್ಟೆ ಢಣಾರೆಂದು ಬಿದ್ದರೂ ಬೆಚ್ಚದ, ಗಾಲಿಕುರ್ಚಿ ಪಕ್ಕದಲ್ಲೇ ಉರುಳಿದರೂ ಹಿಂಜರಿಯದ, ಮಗು ಕಿವಿ ಹಿಡಿದೆಳೆದರೂ ಗುರ್ ಎನ್ನದ ನಾಯಿಯನ್ನು ಆರಿಸಬೇಕು. ಆರಿಸಿಯೂ ಕಣ್ಣು ಅದರ ಮೇಲೇ ಇರಬೇಕು. ನಾಯಿ ಮೇಲಿಂದ ಮೇಲೆ ಆಕಳಿಸಿತು, ತುಟಿ ನೆಕ್ಕಿಕೊಂಡಿತು, ಮುಖ ಆಚೆ ತಿರುಗಿಸಿತು ಎಂದರೆ ಅದಕ್ಕೆ ಸಾಕಾಗಿದೆ. ರೋಗಿಗೆ ಇನ್ನೂ ಆಸೆ ಇರುತ್ತದೆ, ಫೋಟೊ ತೆಗೆಯುವವರಿಗಂತೂ ಆಸೆ ತೀರುವುದೇ ಇಲ್ಲ. ಆಗ “ಇವತ್ತಿಗೆ ಸಾಕ್ರಿ” ಎಂದು ಎಬ್ಬಿಸಿಕೊಂಡು ಹೋಗಿ ನೆರಳಲ್ಲಿ ನೀರಿಡುವ ಕೆಲಸ ನಾಯಿಯದಲ್ಲ.

ನಾಯಿಯನ್ನು ಜೊತೆಗಿಟ್ಟುಕೊಂಡು ಮಾಡುವ ಈ ಚಿಕಿತ್ಸೆಯ ಮೂಲ ಹುಡುಕುತ್ತ ಹೋದರೆ ನ್ಯೂಯಾರ್ಕಿನ ಬೋರಿಸ್ ಲೆವಿನ್ಸನ್ ಎಂಬ ಮಕ್ಕಳ ಮನಶ್ಶಾಸ್ತ್ರಜ್ಞ ಸಿಗುತ್ತಾರೆ. ಯಾರ ಜೊತೆಗೂ ಬೆರೆಯದ ಹುಡುಗನೊಬ್ಬ ಒಂದು ದಿನ ಹೊತ್ತಿಗೆ ಮುಂಚೆಯೇ ಬಂದ. ಅವರ ನಾಯಿ ಜಿಂಗಲ್ಸ್ ಕೋಣೆಯಲ್ಲೇ ಇತ್ತು. ಹುಡುಗ ನಾಯಿಯ ಮೈದಡವಿದ, ಅದರ ಜೊತೆ ಆಡಿದ, ಆಮೇಲೆ ನಿಧಾನಕ್ಕೆ ಡಾಕ್ಟರನ್ನೂ ಆಟಕ್ಕೆ ಸೇರಿಸಿಕೊಂಡ. 1960ರ ದಶಕದ ಆರಂಭದಲ್ಲಿ ಇದನ್ನು ವಿದ್ವಾಂಸರ ಸಭೆಯಲ್ಲಿ ಹೇಳಿದಾಗ, ಫೀಸಿನಲ್ಲಿ ನಾಯಿಗೆಷ್ಟು ಪಾಲು ಎಂದು ಛೇಡಿಸಿದರಂತೆ. ನಮ್ಮ ಕಾಕಾ ಆ ಸಭೆಯಲ್ಲಿ ಇದ್ದಿದ್ದರೆ ಚೌಕಾಸಿ ಮಾಡಿ ಪಾಲು ಗೊತ್ತುಮಾಡಿಯೇ ಎದ್ದುಬರುತ್ತಿದ್ದರು.

ಹೀಗೆ ಹತ್ತು ಮಂದಿಯ ಹತ್ತಿರ ಹೋಗಿ ಕೂತು ಬರುವ ನಾಯಿ ಒಂದು ಬಗೆ. ಕಣ್ಣು ಕಾಣದವರಿಗೆ ದಾರಿ ತೋರಿಸುತ್ತ ಒಬ್ಬರಿಗೇ ದುಡಿಯುವ ನಾಯಿ ಇನ್ನೊಂದು ಬಗೆ. ಅಮೆರಿಕದಲ್ಲಿ ಇಂಥ ನಾಯಿಗಳಿಗೆಂದೇ 1929ರಲ್ಲಿ ‘ಸೀಯಿಂಗ್ ಐ’ ಎಂಬ ಶಾಲೆ ಹುಟ್ಟಿತು. ಅದರ ವ್ಯವಸ್ಥೆಯಲ್ಲಿ ನನಗೆ ಸೋಜಿಗವೆನಿಸಿದ್ದು ಮರಿ ಸಾಕುವ ಮನೆಗಳವರು. ಪುಟ್ಟ ಮರಿಯನ್ನು ತಂದು, ಉಚ್ಚೆ ಎಲ್ಲಿ ಹೊಯ್ಯಬೇಕು ಎಂಬುದರಿಂದ ಹಿಡಿದು ಸಂತೆಯ ಗದ್ದಲದವರೆಗೆ ಎಲ್ಲ ರೂಢಿ ಮಾಡಿಸಿ, ಅದು ಮನೆಯ ಮಗುವೇ ಆದ ಹೊತ್ತಿಗೆ ಶಾಲೆಗೆ ಒಪ್ಪಿಸಿಬಿಡುತ್ತಾರೆ. ಕೆಲವರು ಅತ್ತು, ಮರುವರ್ಷ ಮತ್ತೊಂದು ಮರಿಗೆ ಅರ್ಜಿ ಹಾಕುತ್ತಾರೆ.

ನಮ್ಮ ಕಡೆ ದುಡಿಯುವ ನಾಯಿ ಎಂದರೆ ಕುರಿಗಾರನದು. ಭತ್ತ ಕೊಯ್ದ ಹೊಲದಲ್ಲಿ ಕುರಿ ತರುಬಿದಾಗ ರಾತ್ರಿ ಹೋಗಿ ನೋಡಬೇಕು. ಕುರಿಗಾರ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು, ಮೊದಲ ತುಂಡನ್ನು ಅತ್ತ ಎಸೆದು ಆಮೇಲೆ ತಾನು ಬಾಯಿಗಿಡುತ್ತಾನೆ. ಯಾಕಪ್ಪಾ ಎಂದರೆ, “ಅದು ಎಚ್ಚರಿರತೈತಿ, ನಾ ಮಕ್ಕೊಂತೀನಿ” ಎನ್ನುತ್ತಾನೆ. ಲೆಕ್ಕ ಚುಕ್ತಾ. ಇದೇ ಕುರುಬರ ದೈವ ಮೈಲಾರಲಿಂಗನ ಗೊರವಯ್ಯಗಳು ಜಾತ್ರೆಯಲ್ಲಿ ತಾವೇ ದೇವರ ನಾಯಿಗಳಾಗಿ ಬೊಗಳುತ್ತಾರೆ, ದೋಣಿಯಲ್ಲಿ ಹಾಕಿದ ಹಾಲು ಬಾಳೆಹಣ್ಣಿಗೆ ಬಾಯಿ ಹಚ್ಚಿ ತಿನ್ನುತ್ತಾರೆ.

ಗೊರವ ಎಂದಾಗ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ನೆನಪಾಯಿತು. ಹತ್ತನೆಯ ಶತಮಾನದ ನಡುವಿನದು. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ, ಗಂಗರ ಬೂತುಗನಿಂದ ಊರು ಕೇರಿ ಬೇಡದೆ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದ. ಕಾಳಿ ದೊಡ್ಡದೊಂದು ಹಂದಿಯ ಜೊತೆ ಕಾದಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಇಷ್ಟಕ್ಕೇ ಬಿಡದೆ, ಆ ಭೂಮಿ ಉಣ್ಣುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಎಂದೂ ಕೆತ್ತಿಸಿದರು. ಬುದ್ಧಿವಂತರು! ಕಲ್ಲು ನಿಲ್ಲಿಸಿದವರು ಹೋದಮೇಲೂ ದಿನದ ಕೆಲಸ ಮಾಡಲು ಒಬ್ಬ ಬೇಕು, ಅವನ ಹೊಟ್ಟೆಗೊಂದು ದಾರಿ ಬೇಕು, ತಲೆಯ ಮೇಲೊಂದು ಹೆದರಿಕೆಯೂ ಬೇಕು. ಇಂದಿನ ಟ್ರಸ್ಟುಗಳ ಬೈಲಾದಲ್ಲಿ ಮೊದಲೆರಡು ಇದ್ದಾವು, ಮೂರನೆಯದಿಲ್ಲ.

ನಮ್ಮ ಮಸ್ಕಿಯ ಕಲ್ಲೇನು ಕಡಿಮೆಯೇ? 1915ರಲ್ಲಿ ಚಿನ್ನ ಅರಸುತ್ತ ಬಂದ ಬೀಡನ್ ಎಂಬ ಎಂಜಿನಿಯರನಿಗೆ ಇಲ್ಲಿ ಬಂಡೆಯ ಶಾಸನದಲ್ಲಿ ಅಶೋಕ ಸಿಕ್ಕ. ಚಿನ್ನ ಲಿಂಗಸುಗೂರಿನ ಹಟ್ಟಿಯ ಪಾಲಾಯಿತು, ಹೆಸರು ಮಸ್ಕಿಯ ಪಾಲಾಯಿತು. ಇದೇ ಅಶೋಕ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಟು ಮಾಡಿದೆ, ಗಿಡಮೂಲಿಕೆ ತರಿಸಿ ನೆಡಿಸಿದೆ ಎಂದು ಬೇರೆ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ನೋಡುವವರು ಕರ್ನೂಲು ಜಿಲ್ಲೆಯ ಎರ್ರಗುಡಿಗೆ ಹೋಗಬಹುದು. ಆದರೆ ಗುಂಡಿ ತೋಡಿದವರು, ನೀರು ಹೊತ್ತವರು, ಎತ್ತಿನ ಹುಣ್ಣು ತೊಳೆದವರು ಯಾರೆಂದು ಯಾವ ಬಂಡೆಯೂ ಹೇಳುವುದಿಲ್ಲ.

ಹಾಗಾಗಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೇರಿ ಮುಂಬೈಯವರಂತೆ ನಾಯಿಗಳದೊಂದು ಸಂಸ್ಥೆ ಕಟ್ಟುವುದಾದರೆ ಏನಾಗುತ್ತದೆಂದು ಊಹಿಸಿ ನೋಡಿದೆ. ಕಚೇರಿ ಯಾವ ಊರಲ್ಲಿ ಎಂಬುದಕ್ಕೇ ಮೂರು ಸಭೆ. ಅಧ್ಯಕ್ಷ, ಗೌರವಾಧ್ಯಕ್ಷ, ಖಜಾಂಚಿ, ಸಂಚಾಲಕ ಎಲ್ಲ ಸಿದ್ಧ. ಶಾಲು, ಹಾರ, ನೆನಪಿನ ಕಾಣಿಕೆಯೂ ಸಿದ್ಧ. ನಾಯಿ ಮಾತ್ರ ಬಂದಿಲ್ಲ. ಬಂದರೂ ನಮ್ಮ ಬೇಸಿಗೆಯಲ್ಲಿ ಡಾಂಬರು ರಸ್ತೆ ಅದರ ಪಾದ ಸುಡುತ್ತದೆ, ಕೆಲಸವೇನಿದ್ದರೂ ಬೆಳಗಿನ ತಂಪಿನಲ್ಲೇ ಮುಗಿಯಬೇಕು. ಬಸ್ಸಿನಲ್ಲಿ ಅದಕ್ಕೆ ಟಿಕೆಟ್ ಎಷ್ಟು ಎಂದು ಕಂಡಕ್ಟರ್ ಜೊತೆ ವಾದಕ್ಕೆ ನಿಲ್ಲುವವರು ಬೇಕು. ನಾಯಿ ಕಚ್ಚಿಸಿಕೊಂಡ ಮಗುವಿನ ತಾಯಿ “ನಮ್ಮ ಓಣಿಗೆ ಕರ್ಕೊಂಡು ಬರಬ್ಯಾಡ್ರಿ” ಎಂದರೆ ಬೇಸರಿಸದೆ, ಮೊದಲು ಆ ಓಣಿಯ ನಾಯಿಗಳಿಗೆಲ್ಲ ಲಸಿಕೆ ಹಾಕಿಸಿ ಬರುವವರು ಬೇಕು.

ಅಧ್ಯಕ್ಷಗಿರಿಗೆ ಜನ ತುದಿಗಾಲಲ್ಲಿ ನಿಂತಿದ್ದಾರೆ, ಅದರ ಚಿಂತೆ ನನಗಿಲ್ಲ. ನಾಯಿಯ ಮೈ ತೊಳೆದು ಹೇಲು ಬಳಿಯಲು ಒಪ್ಪುವ ಇಬ್ಬರು ಹೆಸರು ಕೊಟ್ಟರೆ, ಕರಪತ್ರದಲ್ಲಿ ಆ ಎರಡು ಹೆಸರನ್ನು ಶಾಸಕರ ಹೆಸರಿಗಿಂತ ಮೇಲೆ ಅಚ್ಚು ಹಾಕಿಸುವ ಖರ್ಚೂ ನನ್ನದು, ಆಮೇಲಿನ ಜಗಳವೂ ನನ್ನದು.