ಬಂಡೆಯ ಸಂದುಗಳಲ್ಲಿ

ಜನವರಿ 11, ಆನೆಗೊಂದಿ

ಭತ್ತದ ಗದ್ದೆ, ಬಾಳೆತೋಟ ದಾಟಿ ಒನಕೆ ಕಿಂಡಿಗೆ ನಡೆದೆ. ಮುಂದಕ್ಕೆ ಚಾಚಿದ ಬಂಡೆಯ ಅಡಿಯಲ್ಲಿ ಕೆಮ್ಮಣ್ಣಿನ ಬಣ್ಣದ ಚಿತ್ರಗಳಿವೆ. ಕೋಡಿನ ಎತ್ತುಗಳು, ಕಡ್ಡಿಗೆರೆಯ ಮನುಷ್ಯರು. ವಿಜಯನಗರ ಹುಟ್ಟುವ ಎಷ್ಟೋ ಶತಮಾನ ಮೊದಲೇ ಯಾರೋ ಇಲ್ಲಿ ಕೂತು, ಎತ್ತಿನ ಬೆನ್ನಿನ ಬಾಗು ಹೇಗಿರುತ್ತದೆಂದು ಗಮನಿಸಿ ಬರೆದಿದ್ದಾರೆ. ಪಕ್ಕದ ಬಂಡೆಮೈ ಮೇಲೆ ಮಳೆನೀರು ಇಳಿದು ಕಪ್ಪು ಪಟ್ಟೆಗಳಾಗಿವೆ. ಚಿತ್ರಗಳ ಮೇಲೆ ನೀರು ಬಿದ್ದಿಲ್ಲ. ಜಾಗ ಆರಿಸಿದವರಿಗೆ ಬಂಡೆಯ ಗುಣ ಚೆನ್ನಾಗಿ ಗೊತ್ತಿತ್ತು.

ಜನವರಿ 12, ನದಿದಂಡೆ

ಬಿಸಿಲೇರುವ ಮೊದಲೇ ತುಂಗಭದ್ರೆಯ ದಡ ಸೇರಿದ್ದೆ. ನೀರುನಾಯಿಗಳು! ಒಂದರ ಹಿಂದೊಂದು ಮುಳುಗಿ, ಮೀನು ಕಚ್ಚಿಕೊಂಡು ಬಂಡೆ ಹತ್ತಿದವು. ಅವು ಹೋದಮೇಲೆ ನೋಡಿದರೆ ಹಿಕ್ಕೆಯ ತುಂಬ ಮೀನಿನ ಹುರುಪೆ. ಮರಿ ಸಾಕುವುದೂ ದಡದ ಬಂಡೆಸಂದುಗಳಲ್ಲೇ. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿ.ಮೀ. ಹೊಳೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಬಹಳ ಒಳ್ಳೆಯ ಕೆಲಸ. ಆದರೆ ಮದ್ದು ಸಿಡಿಸಿ ಮೀನು ಹಿಡಿಯುವುದು ಪೂರ್ತಿ ನಿಲ್ಲಬೇಕು. ಮೀನಿಲ್ಲದ ಮಡುವಿನಲ್ಲಿ ಅವು ಬದುಕುವುದಾದರೂ ಹೇಗೆ?

ಜನವರಿ 14, ಹಿರೇಬೆಣಕಲ್

ಗುಡ್ಡ ಹತ್ತುವಾಗ ಕುರಿ ಮೇಯಿಸುವ ಅಜ್ಜರೊಬ್ಬರು ಜೊತೆಯಾದರು.

"ಇವು ಮೋರೇರ ಮನಿ ನೋಡ್ರಿ. ಗಿಡ್ಡ ಮಂದಿ ಇದ್ರಂತ."

ಕ್ರಿ.ಪೂ. 800ರಿಂದ 200ರ ನಡುವಿನ ಶಿಲಾಗೋರಿಗಳು. ನೂರಾರಿವೆ, ಕೆಲವು ನನಗಿಂತ ಎತ್ತರ. ಹಾಸುಗಲ್ಲುಗಳನ್ನು ನಿಲ್ಲಿಸಿ, ಮೇಲೊಂದು ಹೊದಿಸಿ, ಒಂದು ಗೋಡೆಗೆ ದುಂಡನೆಯ ಕಿಂಡಿ ಕೊರೆದಿದ್ದಾರೆ. ಸುಮಾರು 250 ಕೋಟಿ ವರ್ಷ ಹಳೆಯ ಈ ಗ್ರಾನೈಟು ಪದರು ಪದರಾಗಿ ಬಿಡುತ್ತದೆ, ಅದನ್ನೇ ಎಬ್ಬಿಸಿ ಕಟ್ಟಿದ್ದು. ಮರದ ಕೊಡತಿಯಿಂದ ಬಡಿದರೆ ನಗಾರಿಯ ಸದ್ದು ಕೊಡುವ ಗುಂಡೂ ಮೇಲಿದೆ. ಸುತ್ತಲಿನ ಕಲ್ಲಾಸರೆಗಳಲ್ಲಿ ಜಿಂಕೆ, ನವಿಲು, ಕುಣಿಯುವ ಜನರ ಚಿತ್ರಗಳು. 2021ರಲ್ಲಿ ಈ ತಾಣ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತೆಂಬ ಸಂತೋಷ ನನಗೆ ಇನ್ನೂ ಇದೆ.

ಒಂದು ಗವಿಯತ್ತ ತಿರುಗಿದೆ. ಅಜ್ಜ ತಡೆದರು: "ಅಲ್ಲಿ ಇಣುಕಬ್ಯಾಡ್ರಿ, ಕರಡಿ ಮಲಗಿರ್ತಾವು."

ಗವಿಯ ಬಾಯಲ್ಲೇ ಲದ್ದಿ ಬಿದ್ದಿತ್ತು, ಬಾರಿಹಣ್ಣಿನ ಬೀಜಗಳ ಸಮೇತ. ಹೊಳೆಯಾಚೆ ದರೋಜಿಯಲ್ಲಿ 1994ರಿಂದ ಕರಡಿಧಾಮವಿದೆ. ಈಚೆಯ ಕರಡಿಗಳಿಗೆ ಈ ಗುಡ್ಡಗಳೇ ಗತಿ. ಗೋರಿಗಳ ಸುತ್ತ ಬೇಲಿ ಹಾಕಿ, ಪಕ್ಕದ ಗುಡ್ಡವನ್ನು ಕ್ವಾರಿಗೆ ಕೊಟ್ಟರೆ ಕಾಪಾಡಿದಂತಾಗುವುದಿಲ್ಲ. ಚಿತ್ರಕ್ಕೂ ಕರಡಿಗೂ ಬೇಕಾದದ್ದು ಒಂದೇ ಕಲ್ಲಿನ ನೆರಳು. ಇಡೀ ಗುಡ್ಡಸಾಲನ್ನೇ ಒಂದಾಗಿ ಉಳಿಸಬೇಕೆಂದು ನಾಳೆ ಜಿಲ್ಲಾಧಿಕಾರಿಗಳಿಗೆ ಪತ್ರ ಬರೆಯುತ್ತೇನೆ.